ಕೆಲಸ ಬಿಟ್ಟವರ ಸಂಬಳ: ಒಂದು ವಿವೇಚನೆ

ನೌಕರಿಯನ್ನು ತಾನಾಗಿ ಬಿಟ್ಟು ಹೋಗುವವನಿಗೆ, ಅದುವರೆಗೆ ಅವನು ದುಡಿದ ದಿನಗಳ ಸಂಬಳವನ್ನು ಎಂದು ಕೊಡಬೇಕು, ಎಷ್ಟು ಕೊಡಬೇಕು ಎಂಬ ಪ್ರಶ್ನೆ ಇತಿಹಾಸದ ಅಧ್ಯಾಪಕರು ಕೈಹಾಕತಕ್ಕ ವಿಷಯವೆಂದು ಮೇಲುನೋಟಕ್ಕೆ ತೋರಲಾರದು. ಅದು ವಕೀಲರಿಗೂ ಲೆಕ್ಕಪತ್ರ ನೋಡುವವರಿಗೂ ಸೇರಿದ ಮಾತೆಂದು ವಾಚಕರು ಎಣಿಸಬಹುದು. ಆದರೆ ಈ ಸಣ್ಣ ಪ್ರಶ್ನೆಗೆ ಬೇರೆಬೇರೆ ಕಾಲಗಳಲ್ಲಿ ದೊರೆತ ಉತ್ತರಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಿದಾಗ, ನಮ್ಮ ದೇಶದ ಶಾಸನಗಳು ಧಣಿ ಹೊರಹಾಕಿದ ಕೆಲಸಗಾರನನ್ನೂ ತಾನೇ ಎದ್ದು ಹೊರಟ ಕೆಲಸಗಾರನನ್ನೂ ಬಹುಕಾಲ ಸಮಾನವಾಗಿ ಕಾಣಲಿಲ್ಲವೆಂಬ ಸಂಗತಿ ಗೋಚರಿಸುತ್ತದೆ. ಇಬ್ಬರೂ ದುಡಿದದ್ದು ಒಂದೇ ಬಗೆಯ ದುಡಿಮೆ. ಇಬ್ಬರಿಗೂ ಬರಬೇಕಾದದ್ದು ಅದರ ಪ್ರತಿಫಲವೇ. ಆದರೂ ಮೊದಲನೆಯವನಿಗೆ ಎರಡು ದಿನಗಳೊಳಗೆ ಹಣ ಕೊಡಬೇಕೆಂದು 1936ರಲ್ಲಿಯೇ ವಿಧಿಸಿದ ಕಾನೂನು, ಎರಡನೆಯವನ ಹೆಸರೆತ್ತಿದ್ದು 2019ರಲ್ಲಿ. ಆ ಮಾತು ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. ಈ ಅಂತರ ಏಕೆ ಉಂಟಾಯಿತು, ಅದರಿಂದ ಯಾರಿಗೆ ಏನು ನಷ್ಟವಾಯಿತು, ಈಗಲಾದರೂ ಅದು ಪೂರ್ತಿಯಾಗಿ ತುಂಬಿದೆಯೇ ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ವಿಚಾರಣೆಗೆ ಒಂದು ನೆಲೆ ಬೇಕಷ್ಟೆ. ನಾವು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂಬ ನಾಲ್ಕು ತಾಲ್ಲೂಕುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇವೆ. ಇವು ಇಂದು ದಾವಣಗೆರೆ ಜಿಲ್ಲೆಗೆ ಸೇರಿವೆ. 1997ರ ಆಗಸ್ಟ್ 15ರಂದು ಆ ಜಿಲ್ಲೆ ರಚಿತವಾಗುವವರೆಗೆ ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ನ್ಯಾಮತಿ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದದ್ದು ಈಚಿನ ವರ್ಷಗಳಲ್ಲಿ. ನೆರೆಯ ದಾವಣಗೆರೆಯಲ್ಲಿ ಹತ್ತಿ ಗಿರಣಿಗಳಿದ್ದವು. ಹರಿಹರದಲ್ಲಿ 1941ರಲ್ಲಿ ಸ್ಥಾಪಿತವಾಗಿ ಈಗ ಮುಚ್ಚಿಹೋಗಿರುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಿತ್ತು. ಗಿರಣಿ ಇದ್ದಲ್ಲಿ ಕಾರ್ಮಿಕ ಸಂಘವಿರುತ್ತದೆ, ಸಂಘವಿದ್ದಲ್ಲಿ ಕಾನೂನು ಬಲ್ಲ ಒಬ್ಬನಾದರೂ ಇರುತ್ತಾನೆ. ನಮ್ಮ ನಾಲ್ಕು ತಾಲ್ಲೂಕುಗಳ ಸ್ಥಿತಿ ಬೇರೆ. ಚನ್ನಗಿರಿಯ ಅಡಕೆ, ಹೊನ್ನಾಳಿ ನ್ಯಾಮತಿಗಳ ಭತ್ತ ಮತ್ತು ಮೆಕ್ಕೆಜೋಳ, ಜಗಳೂರಿನ ಮಳೆ ನಂಬಿದ ಹೊಲ, ಇವೇ ಇಲ್ಲಿನ ಜೀವನಾಧಾರ. ತಿಂಗಳ ಸಂಬಳದ ಕೆಲಸವೆಂದರೆ ಅಡಕೆ ಮಂಡಿಯ ಗುಮಾಸ್ತಿಕೆ, ಅಕ್ಕಿ ಗಿರಣಿ, ಬಟ್ಟೆ ಅಂಗಡಿ, ಪೆಟ್ರೋಲ್ ಬಂಕು, ಖಾಸಗಿ ಬಸ್ಸು, ಸಹಕಾರ ಸಂಘ, ಮತ್ತು ಎಲ್ಲಕ್ಕಿಂತ ಮಿಗಿಲಾಗಿ ಖಾಸಗಿ ಶಾಲೆ. ಐದೋ ಹತ್ತೋ ಇಪ್ಪತ್ತೋ ಜನ ಕೆಲಸ ಮಾಡುವ ಜಾಗಗಳಿವು. ಧಣಿಗೂ ನೌಕರನಿಗೂ ಮುಖಪರಿಚಯವಿದೆ. ಅನೇಕ ವೇಳೆ ನಂಟಸ್ತಿಕೆಯೂ ಇದೆ. ಇಂಥಲ್ಲಿ ಕೊನೆಯ ತಿಂಗಳ ಸಂಬಳಕ್ಕಾಗಿ ಅರ್ಜಿ ಹಿಡಿದು ನಿಲ್ಲುವುದು ಸುಲಭವಲ್ಲ. ದೊಡ್ಡ ಕಾರ್ಖಾನೆಯನ್ನು ಕಣ್ಣ ಮುಂದಿಟ್ಟುಕೊಂಡು ಬರೆದ ಕಾನೂನು ಇಂಥ ಊರುಗಳಲ್ಲಿ ಎಷ್ಟು ದೂರ ನಡೆಯಬಲ್ಲುದು ಎಂಬುದೇ ಅದರ ನಿಜವಾದ ಪರೀಕ್ಷೆ.

ಮೊದಲು ಮಾತುಗಳನ್ನು ನೋಡೋಣ. ಸಂಬಳ ಎಂಬ ಪದ ಸಂಸ್ಕೃತದ ಶಂಬಲದಿಂದ ಬಂದದ್ದು. ಅದರ ಮೂಲಾರ್ಥ ದಾರಿಯ ಬುತ್ತಿ. ಇನ್ನೊಂದು ಪದ ಇದಕ್ಕಿಂತ ವಿಚಾರಾರ್ಹವಾದದ್ದು. ಹಳಗನ್ನಡದಲ್ಲಿ ಜೀವಿತ ಎಂಬುದರ ತದ್ಭವವಾದ ಜೀತ ಎಂಬ ಮಾತಿಗೆ ಜೀವನೋಪಾಯ, ಸೇವೆಗಾಗಿ ಪಡೆಯುವ ವೇತನ ಎಂದೇ ಅರ್ಥವಿತ್ತು. ಅದೇ ಮಾತು ಕಾಲಾಂತರದಲ್ಲಿ ಸಾಲಕ್ಕಾಗಿ ಕಟ್ಟುಬಿದ್ದ ದುಡಿಮೆಗೆ ಹೆಸರಾಯಿತು. ಮುಂಗಡ ಪಡೆದವನು ಅದು ತೀರುವವರೆಗೆ ಬಿಟ್ಟು ಹೋಗುವಂತಿಲ್ಲ, ಅದು ತೀರುವುದೂ ಇಲ್ಲ. ಹೀಗೆ ವೇತನವೇ ಬಂಧನವಾಯಿತು. ಈ ಪದ್ಧತಿಯನ್ನು ರದ್ದುಪಡಿಸಿದ ಕೇಂದ್ರ ಶಾಸನ 1976ರದು. ಅದಕ್ಕೆ ಮೊದಲು 1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆ ಹೊರಟಿತ್ತು. ಒಂದೇ ಶಬ್ದ ಸಂಬಳದಿಂದ ಸೆರೆಯವರೆಗೆ ನಡೆದು ಬಂದ ಈ ದಾರಿಯನ್ನು ಗಮನಿಸಿದವರಿಗೆ, ಕೆಲಸವನ್ನು ಬಿಡುವ ಹಕ್ಕು ಕೆಲಸಕ್ಕೆ ಸೇರುವ ಹಕ್ಕಿನಷ್ಟೇ ಮುಖ್ಯವೆಂಬುದು ವಿದಿತವಾಗದಿರದು.

ರಾಜೀನಾಮೆ ಎಂಬುದು ಪಾರಸಿಯ ಮಾತು. ಒಪ್ಪಿಗೆಯ ಪತ್ರ ಎಂದು ಅದರ ಅಕ್ಷರಾರ್ಥ. ನ್ಯಾಯಾಲಯಗಳಲ್ಲಿ ಅದು ರಾಜಿಯ ಪತ್ರವಾಗಿತ್ತು. ಬೊಂಬಾಯಿ ಪ್ರಾಂತದ ಕಂದಾಯದ ಆಡಳಿತದಲ್ಲಿಯಾದರೋ, ರೈತನು ತನ್ನ ಹಿಡುವಳಿಯನ್ನು ಸರ್ಕಾರಕ್ಕೆ ಬಿಟ್ಟುಕೊಡುವಾಗ ಬರೆದುಕೊಡುತ್ತಿದ್ದ ಪತ್ರಕ್ಕೆ ಆ ಹೆಸರು ಸಲ್ಲುತ್ತಿತ್ತು. ಗೊತ್ತಾದ ದಿನದೊಳಗೆ ಪತ್ರ ಕೊಟ್ಟರೆ ಮುಂದಿನ ವರ್ಷದ ಕಂದಾಯದ ಹೊಣೆ ರೈತನಿಗೆ ತಪ್ಪುತ್ತಿತ್ತು. ಅಂದರೆ ಬಿಡುವುದಕ್ಕೂ ಒಂದು ಕ್ರಮವಿತ್ತು, ಒಂದು ತಾರೀಖಿತ್ತು, ಆ ತಾರೀಖಿಗೆ ಲೆಕ್ಕ ಚುಕ್ತಾ ಆಗುತ್ತಿತ್ತು. ಭೂಮಿಯನ್ನು ಬಿಡುವವನಿಗೆ ಇದ್ದ ಈ ನಿಶ್ಚಿತತೆ ಕೂಲಿಯನ್ನು ಬಿಡುವವನಿಗೆ ಇರಲಿಲ್ಲ.

ಅವನಿಗೆ ಇದ್ದದ್ದು ಶಿಕ್ಷೆಯ ಭಯ. 1859ರ ಹದಿಮೂರನೆಯ ಶಾಸನದ ಮೇರೆಗೆ, ಮುಂಗಡ ಹಣ ಪಡೆದ ಕುಶಲಕರ್ಮಿಯಾಗಲಿ ಕೂಲಿಯಾಗಲಿ ಕರಾರನ್ನು ಮುರಿದು ಕೆಲಸ ಬಿಟ್ಟರೆ ಧಣಿಯು ಮ್ಯಾಜಿಸ್ಟ್ರೇಟರಲ್ಲಿ ದೂರು ಕೊಡಬಹುದಾಗಿತ್ತು. ಹಣ ಹಿಂದಕ್ಕೆ ಕೊಡು, ಇಲ್ಲವೇ ಕೆಲಸ ಮಾಡಿ ಮುಗಿಸು ಎಂದು ಆಜ್ಞೆಯಾಗುತ್ತಿತ್ತು. ಅದಕ್ಕೂ ತಪ್ಪಿದವನಿಗೆ ಮೂರು ತಿಂಗಳವರೆಗೆ ಕಾರಾಗೃಹ. ಕಲ್ಕತ್ತ, ಮದರಾಸು, ಬೊಂಬಾಯಿ ನಗರಗಳ ವರ್ತಕರ ಹಿತಕ್ಕಾಗಿ ಹುಟ್ಟಿದ ಈ ಶಾಸನ ಬೇರೆ ಪ್ರದೇಶಗಳಿಗೂ ಹಬ್ಬಿತು. ಅದು ರದ್ದಾದದ್ದು 1925ರ ಶಾಸನದಿಂದ. ಸಂಬಳ ಕೊಡದೆ ತಡೆದಿಟ್ಟ ಧಣಿಗೆ ಸೆರೆಯೆಂದು ಆ ಕಾಲದ ಯಾವ ಶಾಸನವೂ ಹೇಳಲಿಲ್ಲ. ನೌಕರನು ತನ್ನ ಬಾಕಿಗಾಗಿ ದಿವಾನಿ ನ್ಯಾಯಾಲಯಕ್ಕೆ ಹೋಗಬೇಕಾಗಿತ್ತು. ಕರಾರಿನ ಎರಡು ಪಕ್ಷಗಳಲ್ಲಿ ಒಂದಕ್ಕೆ ಸೆರೆಮನೆ, ಇನ್ನೊಂದಕ್ಕೆ ವ್ಯಾಜ್ಯದ ಖರ್ಚು.

ಸಂಬಳ ತಡವಾಗುವ ಪಿಡುಗನ್ನು ಕುರಿತು ಸರ್ಕಾರ ಗಂಭೀರವಾಗಿ ಯೋಚಿಸತೊಡಗಿದ್ದು ಇದೇ ಸುಮಾರಿನಲ್ಲಿ. 1929ರಲ್ಲಿ ನೇಮಕವಾದ, ವಿಟ್ಲೆಯವರ ಅಧ್ಯಕ್ಷತೆಯ ರಾಯಲ್ ಕಾರ್ಮಿಕ ಆಯೋಗ 1931ರಲ್ಲಿ ವರದಿ ಸಲ್ಲಿಸಿತು. ಅದರ ಫಲವಾಗಿ 1936ರ ವೇತನ ಪಾವತಿ ಶಾಸನ ಹುಟ್ಟಿ 1937ರ ಮಾರ್ಚ್ 28ರಂದು ಜಾರಿಗೆ ಬಂದಿತು. ಸಾವಿರಕ್ಕಿಂತ ಕಡಮೆ ಜನರಿರುವಲ್ಲಿ ತಿಂಗಳು ಮುಗಿದ ಏಳನೆಯ ದಿನದೊಳಗೆ, ಅದಕ್ಕಿಂತ ಹೆಚ್ಚು ಜನರಿರುವಲ್ಲಿ ಹತ್ತನೆಯ ದಿನದೊಳಗೆ ಸಂಬಳ ಕೊಡತಕ್ಕದ್ದು. ಗೊತ್ತುಪಡಿಸಿದ ಬಾಬುಗಳ ಹೊರತು ಬೇರೆ ಯಾವ ಕಾರಣಕ್ಕೂ ಸಂಬಳದಿಂದ ಹಣ ಮುರಿದುಕೊಳ್ಳಕೂಡದು. ಇವು ಅದರ ಮುಖ್ಯ ವಿಧಿಗಳು. ಮೊದಲಿಗೆ ತಿಂಗಳಿಗೆ ಇನ್ನೂರು ರೂಪಾಯಿಗಿಂತ ಕಡಮೆ ಸಂಬಳದವರಿಗೆ ಮಾತ್ರ ಅದರ ರಕ್ಷಣೆಯಿತ್ತು. ಈ ಮಿತಿ 1957ರಲ್ಲಿ ನಾನೂರು ರೂಪಾಯಿಗೂ, ಹಲವು ಹಂತಗಳನ್ನು ದಾಟಿ 2017ರಲ್ಲಿ 24,000 ರೂಪಾಯಿಗೂ ಏರಿತು.

ಆಗ ಮೈಸೂರು ಸಂಸ್ಥಾನ ಬ್ರಿಟಿಷ್ ಇಂಡಿಯದ ಹೊರಗಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ನಮ್ಮ ತಾಲ್ಲೂಕುಗಳು ಸಂಸ್ಥಾನದ ಗಡಿಯಲ್ಲಿದ್ದವು. ಹೊನ್ನಾಳಿಯ ಕಡೆ ತುಂಗಭದ್ರೆಯನ್ನು ದಾಟಿದರೆ ಬೊಂಬಾಯಿ ಪ್ರಾಂತದ ಧಾರವಾಡ ಜಿಲ್ಲೆ. ಜಗಳೂರಿನ ಮಗ್ಗುಲಲ್ಲಿ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಹರಪನಹಳ್ಳಿ. 1937ರಲ್ಲಿ ರಾಣೆಬೆನ್ನೂರಿನ ಕಾರ್ಖಾನೆಯ ಕೂಲಿಗಾರನಿಗೆ ದೊರೆತ ಈ ಶಾಸನದ ಆಸರೆ, ಹೊಳೆಯ ಈಚೆ ದಡದಲ್ಲಿದ್ದ ಅವನ ಷಡ್ಡಕನಿಗೆ ದೊರೆಯಲಿಲ್ಲ. ಅದು ಈ ದಡಕ್ಕೂ ಬಂದದ್ದು ಸಂಸ್ಥಾನವು ಭಾರತ ಒಕ್ಕೂಟದಲ್ಲಿ ಸೇರಿಹೋದ ಮೇಲೆ.

ಪ್ರಕೃತಕ್ಕೆ ಮುಖ್ಯವಾದದ್ದು ಆ ಶಾಸನದ ಐದನೆಯ ಕಲಮಿನ ಎರಡನೆಯ ಉಪಕಲಮು. ಧಣಿಯಿಂದಾಗಲಿ ಧಣಿಯ ಪರವಾಗಿ ಆಗಲಿ ಯಾವನ ಕೆಲಸ ಕೊನೆಗೊಳಿಸಲ್ಪಡುವುದೋ ಅವನು ಗಳಿಸಿದ ವೇತನವನ್ನು ಎರಡನೆಯ ಕೆಲಸದ ದಿನ ಮುಗಿಯುವುದರೊಳಗೆ ಕೊಡತಕ್ಕದ್ದು ಎಂಬುದು ಅದರ ತಾತ್ಪರ್ಯ. ಧಣಿಯಿಂದ ಎಂಬ ಆ ಒಂದು ವಿಶೇಷಣವೇ ಎಲ್ಲ ತೊಡಕಿಗೂ ಮೂಲ. ರಾಜೀನಾಮೆ ಕೊಟ್ಟವನ ಕೆಲಸವನ್ನು ಕೊನೆಗೊಳಿಸಿದವನು ಧಣಿಯಲ್ಲ. ಆದುದರಿಂದ ಎರಡು ದಿನಗಳ ನಿಯಮ ಅವನಿಗೆ ಸಲ್ಲಲಿಲ್ಲ. ಅವನು ಉಳಿದವರ ಸಾಲಿನಲ್ಲಿ ನಿಂತು ಮುಂದಿನ ತಿಂಗಳ ಏಳನೆಯ ತಾರೀಖನ್ನು ಕಾಯಬೇಕು. ಕಾಯುವುದೇನೂ ದೊಡ್ಡ ಕಷ್ಟವಲ್ಲವೆಂದು ಕೆಲವರು ಹೇಳಬಹುದು. ಆದರೆ ಹಾಜರಿ ಪುಸ್ತಕದಿಂದ ಹೆಸರು ಹೊಡೆದುಹೋದವನನ್ನು ಏಳನೆಯ ತಾರೀಖಿನಂದು ನೆನೆಯುವವರು ಯಾರು? ಇನ್ನೂ ಲೆಕ್ಕವಾಗಿಲ್ಲ, ಯಜಮಾನರು ಊರಲ್ಲಿಲ್ಲ, ಬೀಗದ ಕೈ ಒಪ್ಪಿಸಿಲ್ಲ, ಮುಂದಿನ ತಿಂಗಳು ಬಾ ಎಂಬ ಮಾತುಗಳು ನಮ್ಮ ಸೀಮೆಯಲ್ಲಿ ಕೆಲಸ ಬಿಟ್ಟ ಯಾರಿಗೂ ಅಪರಿಚಿತವಲ್ಲ. ಮೂರು ಸಲ ಬಸ್ಸಿನಲ್ಲಿ ಬಂದು ಹೋದ ಖರ್ಚು ಬಾಕಿಯ ಕಾಲುಭಾಗವನ್ನು ನುಂಗಿದ ಮೇಲೆ ಮನುಷ್ಯ ಉಳಿದದ್ದನ್ನು ಬಿಟ್ಟುಬಿಡುತ್ತಾನೆ.

ಶಾಸನಕರ್ತರು ಹೀಗೇಕೆ ಬರೆದರು? ಅವರ ಕಣ್ಣ ಮುಂದೆ ಇದ್ದದ್ದು ಕೆಲಸದಿಂದ ತೆಗೆಯಲ್ಪಟ್ಟು ದಿಕ್ಕೆಟ್ಟ ಗಿರಣಿಗಾರ. ಬಿಟ್ಟು ಹೋಗುವವನು ಇನ್ನೊಂದು ಕೆಲಸವನ್ನು ಗೊತ್ತುಮಾಡಿಕೊಂಡೇ ಹೋಗುತ್ತಾನೆ, ಅವನಿಗೆ ಅವಸರವಿಲ್ಲ ಎಂಬ ಎಣಿಕೆ ಅವರದಾಗಿದ್ದಿರಬಹುದು. ಹೇಳದೆ ಕೇಳದೆ ಬಿಟ್ಟು ಹೋಗುವ ಕೂಲಿಗಾರರಿಂದ ಗಿರಣಿಗಳಿಗೆ ಆಗುವ ತೊಂದರೆಯೂ ಅವರ ಮನಸ್ಸಿನಲ್ಲಿತ್ತೆಂಬುದಕ್ಕೆ ಅದೇ ಶಾಸನದಲ್ಲಿ ಸಾಕ್ಷ್ಯವಿದೆ: ಹತ್ತು ಅಥವಾ ಹೆಚ್ಚು ಮಂದಿ ಒಟ್ಟುಗೂಡಿ ತಕ್ಕ ನೋಟೀಸು ಕೊಡದೆ ಗೈರುಹಾಜರಾದರೆ ಎಂಟು ದಿನಗಳವರೆಗಿನ ಸಂಬಳವನ್ನು ಮುರಿದುಕೊಳ್ಳಲು ಒಂಬತ್ತನೆಯ ಕಲಮು ಅವಕಾಶ ಕೊಟ್ಟಿತ್ತು. 1859ರ ಶಾಸನ ಸತ್ತಿದ್ದರೂ ಅದರ ನೆರಳು ಇನ್ನೂ ಸರಿದಿರಲಿಲ್ಲವೆಂದು ನಮ್ಮ ಅಭಿಪ್ರಾಯ.

ಅಚ್ಚರಿಯ ಸಂಗತಿಯೆಂದರೆ ಅನಂತರದ ಶಾಸನಗಳಲ್ಲಿ ಕೆಲಸ ಬಿಡುವವನನ್ನು ಹೆಸರಿಸಿಯೇ ಹೇಳಿತ್ತು. 1948ರ ಕಾರ್ಖಾನೆಗಳ ಶಾಸನದ ಎಪ್ಪತ್ತೊಂಬತ್ತನೆಯ ಕಲಮು, 1976ರ ತಿದ್ದುಪಡಿಯ ಅನಂತರ, ವಜಾ ಆದವನ ಜೊತೆಗೆ ಕೆಲಸ ತೊರೆದವನಿಗೂ ಬಳಸದೆ ಉಳಿದ ರಜೆಯ ವೇತನವನ್ನು ಎರಡನೆಯ ಕೆಲಸದ ದಿನದೊಳಗೆ ಕೊಡಬೇಕೆಂದು ವಿಧಿಸಿತು. 1972ರ ಉಪದಾನ ಶಾಸನ, ಎಂದರೆ ಜನರು ಗ್ರಾಚ್ಯುಯಿಟಿಯೆಂದು ಕರೆಯುವ ಹಣಕ್ಕೆ ಸಂಬಂಧಿಸಿದ ಶಾಸನ, ನಿವೃತ್ತಿ ಎಂಬ ಮಾತಿನ ಪಕ್ಕದಲ್ಲಿಯೇ ರಾಜೀನಾಮೆ ಎಂಬ ಮಾತನ್ನಿಟ್ಟಿತು. ದೊಡ್ಡ ಕಾರ್ಖಾನೆಗಳ ಸ್ಥಾಯೀ ಆದೇಶಗಳಿಗೆ ಕೇಂದ್ರ ಸರ್ಕಾರ 1946ರ ನಿಯಮಗಳಲ್ಲಿ ಕೊಟ್ಟ ಮಾದರಿಯಲ್ಲಿಯೂ ಕೆಲಸ ಕೊನೆಗೊಂಡ ಎರಡನೆಯ ಕೆಲಸದ ದಿನದೊಳಗೆ ವೇತನ ಮತ್ತು ಇತರ ಬಾಕಿ ಕೊಡಬೇಕೆಂದಿತ್ತು. ಧಣಿಯಿಂದ ಎಂಬ ಕಟ್ಟು ಅಲ್ಲಿರಲಿಲ್ಲ. ಹೀಗಾಗಿ ಒಬ್ಬ ಕಾರ್ಖಾನೆಯ ಕೆಲಸಗಾರ ರಾಜೀನಾಮೆಯಿತ್ತರೆ ಅವನ ರಜೆಯ ಹಣ ಎರಡು ದಿನದಲ್ಲಿ ಬರಬೇಕು, ದುಡಿದ ಸಂಬಳ ಮಾತ್ರ ಬರಬೇಕಾಗಿಲ್ಲ ಎಂಬ ವಿಚಿತ್ರ ಸ್ಥಿತಿ ಅರ್ಧ ಶತಮಾನದಷ್ಟು ಕಾಲ ನಡೆಯಿತು. ಅಡಕೆ ಮಂಡಿಯ ಗುಮಾಸ್ತನಿಗಂತೂ ಇವುಗಳಲ್ಲಿ ಹೆಚ್ಚಿನವು ದೂರದ ಮಾತು. ಸ್ಥಾಯೀ ಆದೇಶಗಳು ನೂರು ಅಥವಾ ರಾಜ್ಯ ಗೊತ್ತುಪಡಿಸಿದಷ್ಟು ಜನರಿರುವ ಉದ್ಯಮಕ್ಕೆ. ವೇತನ ಪಾವತಿ ಶಾಸನವು ಮೂಲತಃ ಕಾರ್ಖಾನೆಗೆ, ರೈಲ್ವೆಗೆ. ಇತರ ಕಡೆಗಳಿಗೆ ಅದನ್ನು ವಿಸ್ತರಿಸುವುದು ಅಧಿಸೂಚನೆಗೆ ಬಿಟ್ಟದ್ದು.

ಇನ್ನು ಈಗಿನ ಸ್ಥಿತಿ. 2019ರ ಆಗಸ್ಟ್ 8ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ವೇತನ ಸಂಹಿತೆಯು ವೇತನ ಪಾವತಿ, ಕನಿಷ್ಠ ವೇತನ, ಬೋನಸ್, ಸಮಾನ ವೇತನ ಎಂಬ ನಾಲ್ಕು ಹಳೆಯ ಶಾಸನಗಳ ಸ್ಥಾನದಲ್ಲಿ ಬಂದಿತು. ಅದರ ಹದಿನೇಳನೆಯ ಕಲಮಿನ ಎರಡನೆಯ ಉಪಕಲಮಿನಲ್ಲಿ, ತೆಗೆದುಹಾಕಲ್ಪಟ್ಟವನು, ವಜಾ ಆದವನು, ಹೆಚ್ಚುವರಿಯೆಂದು ಬಿಡುಗಡೆಯಾದವನು, ಸಂಸ್ಥೆ ಮುಚ್ಚಿ ನಿರುದ್ಯೋಗಿಯಾದವನು ಇವರ ನಡುವೆ ರಾಜೀನಾಮೆ ಕೊಟ್ಟವನೂ ಸ್ಥಾನ ಪಡೆದಿದ್ದಾನೆ. ಎಲ್ಲರಿಗೂ ಎರಡು ಕೆಲಸದ ದಿನಗಳೊಳಗೆ ವೇತನ ಸಲ್ಲಬೇಕು. ಸಂಬಳದ ಮಿತಿಯೂ ಇಲ್ಲ, ಕಾರ್ಖಾನೆಯೇ ಆಗಿರಬೇಕೆಂಬ ನಿರ್ಬಂಧವೂ ಇಲ್ಲ. ಶುಕ್ರವಾರ ಸಂಜೆ ಕೆಲಸ ಬಿಟ್ಟವನಿಗೆ, ಶನಿವಾರ ಕೆಲಸದ ದಿನವಾಗಿದ್ದು ಭಾನುವಾರ ರಜೆಯಾಗಿದ್ದರೆ, ಸೋಮವಾರದೊಳಗೆ ಹಣ ಕೈಸೇರಬೇಕು. ಆದರೆ ಬೇರೆ ಕಾಲಮಿತಿಯನ್ನು ಗೊತ್ತುಪಡಿಸುವ ಅಧಿಕಾರವನ್ನು ಅದೇ ಕಲಮು ಸರ್ಕಾರಕ್ಕೆ ಉಳಿಸಿದೆಯೆಂಬುದನ್ನು ಮರೆಯತಕ್ಕದ್ದಲ್ಲ.

ಅವನ ರಾಜೀನಾಮೆಯಿಂದ ಎರಡು ದಿನ ಎಂದರೆ ಪತ್ರ ಬರೆದ ದಿನದಿಂದಲೋ, ಕೆಲಸದಿಂದ ಬಿಡುಗಡೆಯಾದ ದಿನದಿಂದಲೋ? 1978ರಲ್ಲಿ ಗೋಪಾಲಚಂದ್ರ ಮಿಶ್ರರ ಪ್ರಕರಣದಲ್ಲಿ, ಮುಂದಿನ ತಾರೀಖಿನಿಂದ ಜಾರಿಯಾಗುವಂತೆ ಕೊಟ್ಟ ರಾಜೀನಾಮೆಯನ್ನು ಆ ತಾರೀಖು ಬರುವುದಕ್ಕೆ ಮೊದಲು ಹಿಂದಕ್ಕೆ ಪಡೆಯಬಹುದೆಂದು ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತ್ತು. ಅದು ಉಚ್ಚ ನ್ಯಾಯಾಲಯದ ನ್ಯಾಯಾಧೀಶರೊಬ್ಬರ ವಿಷಯವಾದರೂ ತತ್ತ್ವ ಸ್ಪಷ್ಟ: ಗೊತ್ತಾದ ದಿನ ಬರುವವರೆಗೆ ಸೇವೆ ಮುಂದುವರಿಯುತ್ತದೆ. ಆದಕಾರಣ ನೋಟೀಸಿನ ಅವಧಿ ಮುಗಿದು ಕೆಲಸ ನಿಂತ ದಿನದಿಂದ ಎಣಿಸುವುದೇ ಯುಕ್ತವೆಂದು ತೋರುತ್ತದೆ.

ಹೆಚ್ಚು ಗಹನವಾದ ಪ್ರಶ್ನೆ ಶಿಕ್ಷಕರದು. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಪದವಿ ಪಡೆದ ಹೆಣ್ಣುಮಕ್ಕಳಿಗೆ ಊರಿನಲ್ಲಿಯೇ ದೊರೆಯುವ ಸಂಬಳದ ಕೆಲಸವೆಂದರೆ ಬಹುಮಟ್ಟಿಗೆ ಖಾಸಗಿ ಶಾಲೆಯ ಉಪಾಧ್ಯಾಯಿನಿಯ ಕೆಲಸ. ಜೂನ್ ತಿಂಗಳಲ್ಲಿ ಸೇರಿ, ಪರೀಕ್ಷೆ ಮೌಲ್ಯಮಾಪನಗಳು ಮುಗಿದ ಮೇಲೆ ಮದುವೆಗೋ ಬೇರೆ ಶಾಲೆಗೋ ಸರ್ಕಾರದ ನೇಮಕಾತಿಗೋ ಹೊರಡುವವರು ಇವರು. ಹೊರಡುವಾಗ ಮಾರ್ಚ್ ತಿಂಗಳ ಸಂಬಳ ನಿಂತುಹೋಯಿತು, ಸೇರುವಾಗ ಒಪ್ಪಿಸಿದ ಮೂಲ ಅಂಕಪಟ್ಟಿಗಳನ್ನು ಹಿಂದಕ್ಕೆ ಕೊಡಲಿಲ್ಲ ಎಂಬ ದೂರುಗಳನ್ನು ನಾವು ನಮ್ಮ ಹಳೆಯ ವಿದ್ಯಾರ್ಥಿನಿಯರ ಬಾಯಿಂದಲೇ ಮತ್ತೆ ಮತ್ತೆ ಕೇಳಿದ್ದೇವೆ. ಇವರಿಗೆ ಕಾನೂನಿನ ಬಾಗಿಲುಗಳು ಒಂದೊಂದಾಗಿ ಮುಚ್ಚಿದ ಚರಿತ್ರೆಯಿದೆ. 1988ರಲ್ಲಿ ಸುಂದರಾಂಬಾಳ್ ಪ್ರಕರಣದಲ್ಲಿ, ಶಿಕ್ಷಕರು ಕೈಗಾರಿಕಾ ವಿವಾದಗಳ ಶಾಸನದ ಅರ್ಥದಲ್ಲಿ ಕಾರ್ಮಿಕರಲ್ಲವೆಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. 2004ರಲ್ಲಿ ಅಹಮದಾಬಾದಿನ ಪ್ರಾಥಮಿಕ ಶಿಕ್ಷಕರ ಸಂಘದ ಪ್ರಕರಣದಲ್ಲಿ, ಉಪದಾನ ಶಾಸನದ ಅರ್ಥದಲ್ಲಿ ಅವರು ನೌಕರರೂ ಅಲ್ಲವೆಂದಾಯಿತು. ಆ ಶಾಸನದಲ್ಲಿ ನೌಕರನ ಲಕ್ಷಣವನ್ನು ಹೇಳುವಾಗ ಕುಶಲ, ಅಕುಶಲ, ದೈಹಿಕ, ಮೇಲ್ವಿಚಾರಣೆಯ, ತಾಂತ್ರಿಕ, ಗುಮಾಸ್ತಿಕೆಯ ಕೆಲಸಗಳನ್ನು ಎಣಿಸಿತ್ತು. ಪಾಠ ಹೇಳುವುದು ಇವುಗಳಲ್ಲಿ ಯಾವುದೂ ಅಲ್ಲ! ಸಂಸತ್ತು 2009ರಲ್ಲಿ ತಿದ್ದ ಹೊರಟು, ದೈಹಿಕವಾಗಲಿ ಅನ್ಯಥಾ ಆಗಲಿ ಯಾವುದೇ ಬಗೆಯ ಕೆಲಸ ಎಂದು ಬರೆದು, ಆ ತಿದ್ದುಪಡಿ 1997ರ ಏಪ್ರಿಲ್ 3ರಿಂದಲೇ ಅನ್ವಯಿಸುವಂತೆ ಮಾಡಿತು. ಖಾಸಗಿ ಶಾಲೆಗಳ ಒಕ್ಕೂಟದವರು ಅದನ್ನು ಪ್ರಶ್ನಿಸಿದರು. 2022ರ ಆಗಸ್ಟ್ 29ರಂದು ಸರ್ವೋಚ್ಚ ನ್ಯಾಯಾಲಯ ತಿದ್ದುಪಡಿಯನ್ನು ಎತ್ತಿಹಿಡಿಯಿತು.

ವೇತನ ಸಂಹಿತೆಯ ನೌಕರ ಲಕ್ಷಣವನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಅಲ್ಲಿ ಹಳೆಯ ಎಣಿಕೆಗೆ ಕಾರ್ಯಾಚರಣೆಯ, ವ್ಯವಸ್ಥಾಪನೆಯ, ಆಡಳಿತದ ಕೆಲಸಗಳು ಸೇರಿವೆ. ಬೇರೆ ಯಾವುದೇ ಕೆಲಸ ಎಂಬ ಕೊನೆಯ ಮಾತು ಮಾತ್ರ ಇಲ್ಲ. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಆ ಮಾತಿದೆ. ಎಂದರೆ, ಉಪದಾನದ ಮಟ್ಟಿಗೆ ಶಿಕ್ಷಕಿಯ ಹಕ್ಕು ನಿರ್ವಿವಾದ. ಎರಡು ದಿನಗಳ ಸಂಬಳದ ಮಟ್ಟಿಗೆ ಯಾರಾದರೂ 2004ರ ತೀರ್ಪನ್ನು ಹಿಡಿದು ವಾದಿಸಲು ಅವಕಾಶ ಉಳಿದಿದೆ. ಈ ವಾದ ನಿಲ್ಲಬಾರದೆಂದು ನಮ್ಮ ಮತ. ಪಾಠ ಹೇಳುವುದು ಕುಶಲ ಕೆಲಸವಲ್ಲವೆನ್ನುವವರು ಜಗಳೂರಿನ ಯಾವುದಾದರೊಂದು ಶಾಲೆಯಲ್ಲಿ ಎರಡನೆಯ ತರಗತಿಯ ಮುಂದೆ ಒಂದು ಗಂಟೆ ನಿಂತು ನೋಡಲಿ. ಆದರೆ ನ್ಯಾಯ ನಮ್ಮ ಮತದಿಂದ ನಡೆಯುವುದಿಲ್ಲವಾದ್ದರಿಂದ, ಸಂಹಿತೆಯಲ್ಲಿ ಎರಡು ಪದಗಳನ್ನು ಸೇರಿಸಿಬಿಡುವುದೇ ಕ್ಷೇಮ.

ಸಂಬಳವನ್ನು ತಡೆಯುವವರು ಸಾಮಾನ್ಯವಾಗಿ ಮುಂದಿಡುವ ಕಾರಣ ನೋಟೀಸಿನದು. ಒಂದು ತಿಂಗಳು ಮೊದಲು ತಿಳಿಸದೆ ಹೋದದ್ದರಿಂದ ಒಂದು ತಿಂಗಳ ಸಂಬಳ ಮುರಿದುಕೊಂಡೆವು ಎನ್ನುತ್ತಾರೆ. ಕರಾರಿನಲ್ಲಿ ಅಂಥ ಷರತ್ತಿದ್ದರೆ ಅದನ್ನು ಮುರಿದವನು ನಷ್ಟ ಕಟ್ಟಿಕೊಡಬೇಕಾಗಬಹುದು, ಸಂದೇಹವಿಲ್ಲ. ಆದರೆ ನಷ್ಟಕ್ಕಾಗಿ ದಾವೆ ಹೂಡುವುದು ಬೇರೆ, ಗಳಿಸಿದ ಸಂಬಳಕ್ಕೆ ತಾನೇ ಕೈಹಾಕುವುದು ಬೇರೆ. ಸಂಬಳದಿಂದ ಮುರಿದುಕೊಳ್ಳಬಹುದಾದ ಬಾಬುಗಳನ್ನು ಸಂಹಿತೆಯ ಹದಿನೆಂಟನೆಯ ಕಲಮು ಎಣಿಸಿದೆ: ದಂಡ, ಗೈರುಹಾಜರಿ, ವಶಕ್ಕೊಪ್ಪಿಸಿದ ವಸ್ತುವಿನ ಹಾನಿ, ಮುಂಗಡ, ತೆರಿಗೆ, ಭವಿಷ್ಯ ನಿಧಿ ಇತ್ಯಾದಿ. ಎಲ್ಲ ಸೇರಿ ಸಂಬಳದ ಅರ್ಧವನ್ನು ಮೀರಕೂಡದು. ನೋಟೀಸಿನ ಬದಲಿನ ಸಂಬಳವೆಂಬ ಬಾಬು ಆ ಪಟ್ಟಿಯಲ್ಲಿ ಹೆಸರು ಹೇಳಿ ಕಾಣಿಸುವುದಿಲ್ಲ. ಅಂಕಪಟ್ಟಿಯನ್ನು ಒತ್ತೆಯಿಟ್ಟುಕೊಳ್ಳುವುದಕ್ಕಂತೂ ವೇತನದ ಯಾವ ಶಾಸನದಲ್ಲಿಯೂ ಆಧಾರವಿಲ್ಲ.

ಇದಕ್ಕೆ ಸಂಬಂಧಿಸಿ ಕರ್ನಾಟಕದಿಂದಲೇ ಹೊರಟು ಸರ್ವೋಚ್ಚ ನ್ಯಾಯಾಲಯದವರೆಗೆ ಹೋದ ಒಂದು ಪ್ರಕರಣ ಗಮನಾರ್ಹವಾದದ್ದು. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿ 2019ರಲ್ಲಿ ಬ್ಯಾಂಕ್ ಆಫ್ ಬರೋಡದಲ್ಲಿ ವಿಲೀನವಾದ ವಿಜಯಾ ಬ್ಯಾಂಕು, ಮೂರು ವರ್ಷ ತುಂಬುವ ಮೊದಲು ಕೆಲಸ ಬಿಟ್ಟರೆ ಎರಡು ಲಕ್ಷ ರೂಪಾಯಿ ಕೊಡತಕ್ಕದ್ದೆಂದು ಅಧಿಕಾರಿಗಳಿಂದ ಮುಚ್ಚಳಿಕೆ ಬರೆಸಿಕೊಂಡಿತ್ತು. 2007ರಲ್ಲಿ ಆ ಹುದ್ದೆಗೆ ಬಂದ ಅಧಿಕಾರಿಯೊಬ್ಬರು 2009ರಲ್ಲಿ ಬೇರೆ ಬ್ಯಾಂಕಿಗೆ ಹೋಗುವ ಸಲುವಾಗಿ ರಾಜೀನಾಮೆಯಿತ್ತು, ಪ್ರತಿಭಟಿಸುತ್ತಲೇ ಹಣ ಕಟ್ಟಿದರು. ರಾಜ್ಯದ ಉಚ್ಚ ನ್ಯಾಯಾಲಯ ಅವರ ಪರವಾಗಿ ತೀರ್ಪಿತ್ತಿತು. 2025ರ ಮೇ 14ರಂದು ಸರ್ವೋಚ್ಚ ನ್ಯಾಯಾಲಯ ಅದನ್ನು ತಿರುಗಿಸಿತು. ಸಾರ್ವಜನಿಕ ವಲಯದ ಬ್ಯಾಂಕು ಬಹಿರಂಗ ಪ್ರಕಟಣೆಯ ಮೂಲಕ, ಬಹಳ ಕಾಲ ಮತ್ತು ಹಣ ವೆಚ್ಚ ಮಾಡಿ ನೇಮಕ ನಡೆಸಬೇಕಾಗುತ್ತದೆ. ಆ ಷರತ್ತು ರಾಜೀನಾಮೆಯನ್ನು ತಡೆಯುವುದಿಲ್ಲ, ಅದಕ್ಕೆ ಒಂದು ಹಣದ ಹೊಣೆಯನ್ನು ಮಾತ್ರ ಕಟ್ಟುತ್ತದೆ ಎಂಬುದು ಅದರ ವಿಚಾರಸರಣಿ. ಈ ತೀರ್ಪನ್ನು ತೋರಿಸಿ ಊರಿನ ಸಣ್ಣ ಸಂಸ್ಥೆಗಳೂ ಮುಚ್ಚಳಿಕೆ ಬರೆಸಿಕೊಳ್ಳಲು ಮುಂದಾಗಬಹುದು. ಅವರು ಎರಡು ಸಂಗತಿಗಳನ್ನು ಗಮನಿಸಬೇಕು. ಬ್ಯಾಂಕು ಪಡೆದದ್ದು ಮುಚ್ಚಳಿಕೆಯ ಹಣವನ್ನೇ ಹೊರತು ಸಂಬಳವನ್ನು ತಡೆದಿಟ್ಟ ಹಣವಲ್ಲ. ಮತ್ತು ಹಿರಿಯ ಅಧಿಕಾರಿಗೆ ಅತಿಯೆನಿಸದ ಮೊತ್ತ ಹತ್ತು ಸಾವಿರ ರೂಪಾಯಿನ ಉಪಾಧ್ಯಾಯಿನಿಗೆ ಅತಿಯೆನಿಸಬಹುದು. 1872ರ ಕರಾರು ಶಾಸನದ ಎಪ್ಪತ್ತನಾಲ್ಕನೆಯ ಕಲಮು ಕೊಡಿಸುವುದು ಯುಕ್ತವಾದ ಪರಿಹಾರವನ್ನು ಮಾತ್ರ. ಯಾರನ್ನೂ ಇಷ್ಟವಿಲ್ಲದ ಸೇವೆಯಲ್ಲಿ ಬಲವಂತವಾಗಿ ಇರಿಸುವ ಆಜ್ಞೆಯನ್ನು ನ್ಯಾಯಾಲಯ ಮಾಡುವುದಿಲ್ಲವೆಂಬುದಂತೂ ಸ್ಥಿರವಾದ ತತ್ತ್ವ.

ಸಂಬಳದ ಹೊರತು ಬರುವ ಹಣಗಳಲ್ಲಿ ದೊಡ್ಡದು ಉಪದಾನ. ಹತ್ತು ಅಥವಾ ಹೆಚ್ಚು ಜನರಿರುವ ಕಡೆ ಐದು ವರ್ಷ ಎಡೆಬಿಡದೆ ದುಡಿದವನು ರಾಜೀನಾಮೆ ಕೊಟ್ಟರೂ ಅದಕ್ಕೆ ಬಾಧ್ಯನು. ನಿಯತಾವಧಿಯ ನೌಕರನಿಗೆ ಹೊಸ ಸಂಹಿತೆ ಐದು ವರ್ಷಗಳ ಷರತ್ತನ್ನು ಸಡಿಲಿಸಿದೆ. ಕೊನೆಯ ತಿಂಗಳ ವೇತನವನ್ನು ಇಪ್ಪತ್ತಾರರಿಂದ ಭಾಗಿಸಿ ಹದಿನೈದರಿಂದಲೂ ಸೇವೆಯ ವರ್ಷಗಳಿಂದಲೂ ಗುಣಿಸಬೇಕು. ಆರು ತಿಂಗಳಿಗೆ ಮೀರಿದ ಉಳಿಕೆ ಪೂರ್ಣ ವರ್ಷವಾಗಿ ಎಣಿಕೆಯಾಗುತ್ತದೆ. ಉದಾಹರಣೆಗೆ 15,000 ರೂಪಾಯಿ ವೇತನದ ಮೇಲೆ ಏಳು ವರ್ಷ ಎಂಟು ತಿಂಗಳು ದುಡಿದ ಗುಮಾಸ್ತನಿಗೆ ಎಂಟು ವರ್ಷಗಳ ಲೆಕ್ಕದಲ್ಲಿ ಸುಮಾರು 69,231 ರೂಪಾಯಿ ಬರಬೇಕು, ಅದೂ ಮೂವತ್ತು ದಿನಗಳೊಳಗೆ. ಇದು ಸಂಹಿತೆ ಹೇಳುವ ವೇತನದಲ್ಲಿ ಸೇರದ ಕಾರಣ ಎರಡು ದಿನಗಳ ನಿಯಮ ಇದಕ್ಕೆ ಸಲ್ಲದು. ಬೋನಸ್ಸಿನ ಹಕ್ಕೂ ರಾಜೀನಾಮೆಯಿಂದ ಹೋಗುವುದಿಲ್ಲ, ಆ ವರ್ಷದಲ್ಲಿ ಮೂವತ್ತು ದಿನ ದುಡಿದಿದ್ದರೆ ಸಾಕು. ಭವಿಷ್ಯ ನಿಧಿ ಧಣಿಯ ಕೈಯಲ್ಲಿರುವ ಹಣವೇ ಅಲ್ಲ. ಸರ್ಕಾರಿ ನೌಕರರ ಮಾತು ಬೇರೆ. ಅಲ್ಲಿ ಸ್ವಯಂ ನಿವೃತ್ತಿಗೂ ರಾಜೀನಾಮೆಗೂ ಅಜಗಜಾಂತರವಿದ್ದು, ರಾಜೀನಾಮೆಯಿಂದ ಪಿಂಚಣಿಗೆ ಎಣಿಕೆಯಾಗುವ ಹಿಂದಿನ ಸೇವೆಯೇ ಅಳಿಸಿಹೋಗಬಹುದು.

ಹಣ ಬಾರದಿದ್ದರೆ ಏನು ಮಾಡಬೇಕು? ಹಳೆಯ ಶಾಸನದಲ್ಲಿ ಅರ್ಜಿ ಕೊಡಲು ಮೊದಲು ಆರು ತಿಂಗಳು, 1964ರ ತಿದ್ದುಪಡಿಯ ಮೇಲೆ ಹನ್ನೆರಡು ತಿಂಗಳು ಅವಕಾಶವಿತ್ತು. ಸಂಹಿತೆಯ ನಲವತ್ತೈದನೆಯ ಕಲಮು ಮೂರು ವರ್ಷ ಕೊಟ್ಟಿದೆ. ಅರ್ಜಿಯನ್ನು ವಿಚಾರಿಸುವವರು ಸರ್ಕಾರ ನೇಮಿಸಿದ ಗೆಜೆಟೆಡ್ ದರ್ಜೆಯ ಅಧಿಕಾರಿ. ಮೂರು ತಿಂಗಳೊಳಗೆ ತೀರ್ಮಾನಿಸಲು ಪ್ರಯತ್ನಿಸಬೇಕು. ಬಾಕಿಯ ಜೊತೆಗೆ ಅದರ ಹತ್ತರಷ್ಟರವರೆಗೆ ಪರಿಹಾರ ಕೊಡಿಸಬಹುದು. ಬೆಂಗಳೂರಿಗೆ ದುಡಿಯಲು ಹೋಗಿ, ಹಬ್ಬಕ್ಕೆ ಊರಿಗೆ ಬಂದು, ಅಲ್ಲಿಂದಲೇ ದೂರವಾಣಿಯಲ್ಲಿ ಕೆಲಸ ಬಿಟ್ಟೆನೆಂದು ತಿಳಿಸುವ ಜಗಳೂರಿನ ಹುಡುಗರಿಗೆ ಈ ಮೂರು ವರ್ಷದ ಅವಧಿ ಒಂದು ದೊಡ್ಡ ಅನುಕೂಲ. ಆದರೆ ದೂರವಾಣಿಯ ಮಾತಿಗೆ ತಾರೀಖಿನ ಗುರುತು ಉಳಿಯದು. ರಾಜೀನಾಮೆಯನ್ನು ಬರೆದು, ಪ್ರತಿಯೊಂದನ್ನು ಇಟ್ಟುಕೊಂಡು, ತಲುಪಿದ್ದಕ್ಕೆ ಸಹಿಯನ್ನೋ ಅಂಚೆಯ ರಸೀದಿಯನ್ನೋ ಪಡೆದವನ ಎರಡು ದಿನಗಳನ್ನು ಎಣಿಸುವುದು ಸುಲಭ.

ಸಂಹಿತೆಯ ಐವತ್ತೊಂಬತ್ತನೆಯ ಕಲಮು ಇತಿಹಾಸದ ವಿದ್ಯಾರ್ಥಿಗಳಾದ ನಮಗೆ ವಿಶೇಷ ಆಸಕ್ತಿಯದು. ವೇತನ ಸಲ್ಲಿಸಿದ್ದೇವೆ ಎಂದು ರುಜುವಾತು ಮಾಡುವ ಹೊಣೆಯನ್ನು ಅದು ಧಣಿಯ ಮೇಲೆ ಹೊರಿಸಿದೆ. ರುಜುವಾತೆಂದರೆ ಕಾಗದ: ಹಾಜರಿ ಪುಸ್ತಕ, ಪಗಾರದ ಪಟ್ಟಿ, ರಸೀದಿ. ನಮ್ಮ ತಾಲ್ಲೂಕುಗಳ ಹಳೆಯ ಮಂಡಿಗಳಲ್ಲಿ, ಅಕ್ಕಿ ಗಿರಣಿಗಳಲ್ಲಿ, ಶಾಲೆಗಳಲ್ಲಿ ಇಂಥ ಪುಸ್ತಕಗಳು ಅಟ್ಟದ ಮೇಲೆ ಗೆದ್ದಲಿಗೆ ಆಹಾರವಾಗುತ್ತಿವೆ. ಯಾರು ಎಂದು ಸೇರಿದರು, ಎಂದು ಬಿಟ್ಟರು, ಬಿಟ್ಟ ದಿನ ಅವರ ಲೆಕ್ಕದ ಮುಂದೆ ಏನು ಬರೆದಿತ್ತು ಎಂಬುದಕ್ಕೆ ಇವುಗಳಿಗಿಂತ ಉತ್ತಮವಾದ ಆಕರ ಬೇರೊಂದಿಲ್ಲ. ಹಳೆಯ ಪಗಾರದ ಪಟ್ಟಿಗಳನ್ನು ಉಳಿಸಿಕೊಂಡಿರುವ ಮನೆತನದವರು ಅವುಗಳನ್ನು ರದ್ದಿಗೆ ಹಾಕುವ ಮೊದಲು ವಿಭಾಗಕ್ಕೆ ಒಂದು ಮಾತು ತಿಳಿಸಿದರೆ, ಬಂದು ನೋಡಿ ನಕಲು ಮಾಡಿಕೊಳ್ಳಲು ನಾವು ಸಿದ್ಧರಿದ್ದೇವೆ.